ಬೇರೆ ಕಂಪನಿಯ ಹಳದಿ

"ತಮ್ಮಾ, ಹಂಚಿನಾಳ ಸಾಹೇಬ್ರ ಮನಿ ಎತ್ತಾಗ?" ದಾರಿ ತಪ್ಪಿ ಸುತ್ತಿ ಮತ್ತೆ ಅದೇ ಬೇವಿನ ಮರದಡಿಗೆ ಬಂದು ನಿಂತ ಪೇಂಟರ್ ದ್ಯಾಮವ್ವ ಸೈಕಲ್ಲಿನವನನ್ನು ಕೇಳಿದಳು.

"ಎಲ್ಲಿ ಬೈಗುಳ ಕೇಳಸ್ತದೋ ಅದ ಮನಿ, ಯವ್ವಾ!"

ಬೈಗುಳದ ಜಾಡು ಹಿಡಿದು ಹೋದಳು. ಪೈಪು ಒಡೆದು ಸಾಹೇಬರ ಮನೆಯ ಹಾಲ್‌ನ ಗೋಡೆ ಒಂದು ಕಡೆ ಹಾಳಾಗಿತ್ತು. ಅದಕ್ಕೆ ಬಳಿದಿದ್ದ ಹಳದಿ ಡಿಸ್ಟೆಂಪರ್ ಬಣ್ಣ ಮಾಡುತ್ತಿದ್ದ ಕಂಪನಿಯೇ ಮುಚ್ಚಿಹೋಗಿತ್ತು. ದ್ಯಾಮವ್ವ ಬೇರೆ ಕಂಪನಿಯ ಹಳದಿಗೆ ಚಿಟಿಕೆ ಕಾವಿ ಬೆರೆಸಿ ಬಳಿದಳು. ಒಣಗಿದ ಮೇಲೆ ತೇಪೆಯ ಗುರುತೇ ಸಿಗಲಿಲ್ಲ.

"ನನ್ನ ಕಣ್ಣಿಗೆ ಮಣ್ಣೆರಚತೀ?" ಡಬ್ಬಿಯ ಮೇಲಿನ ಹೆಸರು ಓದಿ ಸಾಹೇಬರು ಗುಡುಗಿದರು. "ಬ್ಯಾರೆ ಕಂಪನಿದು ಎದ್ದು ಕಾಣ್ತದ! ಇಡೀ ಹಾಲ್ ಪುಕ್ಕಟೆ ಬಳಿ. ಇಲ್ಲಂದ್ರ ನಿನ್ನ ಏಣಿ ಇಲ್ಲೇ ಬಿಟ್ಟು ಹೋಗು."

ಏಣಿ ಹೋದರೆ ದ್ಯಾಮವ್ವನ ಹೊಟ್ಟೆಪಾಡೇ ಹೋದಂತೆ.

"ಹಂಗಾದ್ರ ಇನ್ನೊಂದು ಮಾಲು ನೋಡ್ರೀ" ಎಂದು ಬಕೆಟ್ಟಿನಲ್ಲಿ ಬ್ರಷ್ ಅದ್ದಿ, ಹಳೆಯ ಗೋಡೆಯ ಮೇಲೆ ಒಂದು ಪಟ್ಟೆ ಎಳೆದಳು. ಪಟ್ಟೆ ಕಪ್ಪಗೆ ಮೂಡಿತು.

"ಛೀ, ಕೆಸರು! ಅಗ್ಗದ ಕಂಪನಿದು! ಇದು ಜನ್ಮದಾಗ ಹೊಂದೂದಿಲ್ಲ!"

ದ್ಯಾಮವ್ವ ಫ್ಯಾನ್ ಹಾಕಿದಳು. ಸಾಹೇಬರು ನೋಡುತ್ತಿದ್ದಂತೆಯೇ ಪಟ್ಟೆ ಮಸುಕಾಗಿ ಮಾಯವಾಯಿತು. ಗೋಡೆ ಉಜ್ಜಿದರು, ಬೆರಳು ನೋಡಿಕೊಂಡರು.

"ಎಲ್ಲಿ ಹೋತದು?"

"ಆರಿ ಹೋತ್ರೀ. ಬರೇ ನಿಮ್ಮ ನಳದ ನೀರು ಅದು."

ಅಡುಗೆಮನೆಯಿಂದ ಸಾಹೇಬರ ಹೆಂಡತಿಯ ನಗು ಸಿಡಿಯಿತು. "ಇಷ್ಟು ವರ್ಷ ನನ್ನ ಅಡಿಗಿಗೂ ಹಿಂಗ ಹೆಸರಿಟ್ಟಾರವಾ!"

ಮಧ್ಯಾಹ್ನ ರೊಟ್ಟಿ ಹಾಕಿದ್ದ ಆ ತಾಯಿಯ ಋಣ ಇಟ್ಟುಕೊಳ್ಳಬಾರದೆಂದು ದ್ಯಾಮವ್ವ, ಉಳಿದ ಹಳದಿಯಲ್ಲಿ ಅಡುಗೆಮನೆಯ ಮಸಿಗೋಡೆಯನ್ನೂ ಬಳಿದುಕೊಟ್ಟಳು. ಅವಳು ಹತ್ತಿದ ಏಣಿ ಅಲುಗದಂತೆ ಹಿಡಿದು ನಿಂತ ಸಾಹೇಬರು ಗೋಡೆಯತ್ತ ಕಣ್ಣೆತ್ತಲಿಲ್ಲ.