ಮಾಳಿಗೆಯ ಮಣ್ಣು

ನೆಲ ನಡುಗಿ ಊರು ಕುಸಿದ ಮೇಲೆ ಉಳಿದವರೆಲ್ಲ ಹೊಳೆಯಾಚೆಯ ಆಶ್ರಮದ ಬಯಲಿಗೆ ಬಂದು ಕೂತಿದ್ದರು. ನೆಲ ಇನ್ನೂ ಸುಮ್ಮನಾಗಿರಲಿಲ್ಲ. ಆಗಾಗ ಒಳಗಿನಿಂದ ಗುರುಗುಟ್ಟುತ್ತಿತ್ತು, ಆಗೆಲ್ಲ ಜೀವ ಬಾಯಿಗೆ ಬರುತ್ತಿತ್ತು.

ಗುರುಗಳು ಶಿಷ್ಯ ಚನ್ನಮಲ್ಲನಿಗೆ ಬಿದಿರಿನ ಗುಡಿಸಲು ಕಟ್ಟುವುದನ್ನು ಕಲಿಸಿದರು. ಅವನು ಊರವರಿಗೆ ಕಲಿಸಿದ. ಬಿದಿರಿನ ಕಂಬ, ತೊಗರಿ ಕಟ್ಟಿಗೆಯ ಗೋಡೆ, ಮೇಲೆ ತೆಳ್ಳಗೆ ಹುಲ್ಲು. ಬಿದ್ದರೂ ಮೈ ತರಚೀತು, ಅಷ್ಟೇ. ಪಕ್ಕಾ ಮನೆ ಏಳುವವರೆಗೆ ಅದೇ ಆಸರೆ.

ಎಲ್ಲರೂ ಒಳಗೆ ಹೋದರು, ಕಾಶಮ್ಮ ಮಾತ್ರ ಹೋಗಲಿಲ್ಲ. ಅವಳ ಗಂಡ ಕುಸಿದ ಮನೆಯಡಿ ಸತ್ತಿದ್ದ. ಅವಳು ಎರಡು ಮಕ್ಕಳನ್ನು ತಬ್ಬಿಕೊಂಡು ಚಳಿಯಲ್ಲೇ ಕೂತಿದ್ದಳು. ಚಿಕ್ಕದಕ್ಕೆ ಕೆಮ್ಮು ಹತ್ತಿತ್ತು.

"ಇದೇನು ಮನಿ? ಮ್ಯಾಲ ಮಣ್ಣೇ ಇಲ್ಲ," ಎಂದಳು. "ಗಾಳಿ ಬಂದ್ರ ಹಾರಿ ಹೋಗ್ತದ."

ಆ ಸೀಮೆಯಲ್ಲಿ ಮನೆ ಎಂದರೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ನೆಲ ನಡುಗಿದಾಗ ಊರನ್ನು ಕೊಂದದ್ದು ಅದೇ ಮಣ್ಣಿನ ಭಾರ. ಆದರೂ ತಲೆಯ ಮೇಲೆ ಅದಿಲ್ಲದಿದ್ದರೆ ಕೆಲವರಿಗೆ ನಿದ್ದೆ ಬಾರದು.

ಆ ಮಗುವಿನ ಕೆಮ್ಮನ್ನು ಕೇಳುತ್ತ ಕೂರಲು ಚನ್ನಮಲ್ಲನಿಗೆ ಆಗಲಿಲ್ಲ. ಗುರುಗಳನ್ನು ಕೇಳದೆ ಅವಳ ಗುಡಿಸಲಿನ ಮೇಲೆ ಬುಟ್ಟಿಗಟ್ಟಲೆ ಮಣ್ಣು ಹಾಕಿ ಮೆತ್ತಿದ. ಬಿದಿರು ಬಾಗಿತು. ನೋಡಿದರೂ ನೋಡದವನಂತೆ ಇಳಿದು ಬಂದ. ಅಂದು ಕಾಶಮ್ಮ ಮಕ್ಕಳ ಜೊತೆ ಒಳಗೆ ಮಲಗಿದಳು.

ಮರುದಿನ ಬೆಳಿಗ್ಗೆ ಅವನು ಹಿಗ್ಗಿನಿಂದ ಗುರುಗಳನ್ನು ಕರೆತಂದ. ಗುರುಗಳು ಮೇಲೆ ನೋಡಿದರು. ಅವರ ಮುಖ ಬಿಳಿಚಿತು. ಕಾಶಮ್ಮನಿಗೆ ಮಕ್ಕಳನ್ನು ಕರೆದುಕೊಂಡು ಹೊಳೆಯಿಂದ ನೀರು ತರಲು ಹೇಳಿ, ತಾವು ಒಳಗೆ ಹೋಗಿ ಕೂತರು.

"ಕಂಬ ಹಿಡಿದು ಅಲುಗಾಡ್ಸು," ಎಂದರು.

ಚನ್ನಮಲ್ಲ ಕಂಬ ಹಿಡಿದ. ಅಲುಗಾಡಿಸದೆ ಬಿಟ್ಟುಬಿಟ್ಟ.

"ಬ್ಯಾಡ್ರಿ ಗುರುಗಳೇ. ಹೊರಗ ಬರ್ರಿ."

"ಯಾಕ?"

"ಕಂಬ ತಡಿಯಂಗಿಲ್ರಿ."

"ಯಾವಾಗ ಗೊತ್ತಾತು ನಿನಗ?"

ಚನ್ನಮಲ್ಲ ತಲೆ ತಗ್ಗಿಸಿದ. "ನಿನ್ನೆನೇ ಗೊತ್ತಿತ್ರಿ. ಅಕಿ ಅಂಜಿಕಿ ಹೋಗ್ಲಿ ಅಂತ ಹಾಕಿದೆ."

"ಹಂಗಾದ್ರ ಅಕಿ ಮಲಗಿದ ಜಾಗಾದಾಗ ನಾನೂ ಕೂಡ್ತೀನಿ."

ಅವನು ಒಳಗೆ ಬಂದು ಕಾಲು ಹಿಡಿದು ಬೇಡಿಕೊಂಡ. ಗುರುಗಳು ಏಳಲಿಲ್ಲ.

ಆಗಲೇ ನೆಲ ಗುರುಗುಟ್ಟಿತು. ಕಂಬಗಳು ಕಿರ್ ಎಂದವು. ಗುರುಗಳ ತಲೆಯ ಮೇಲೆ, ಗಡ್ಡದ ಮೇಲೆ ಮಣ್ಣು ಉದುರಿತು. ಚನ್ನಮಲ್ಲ ಎರಡೂ ತೋಳುಗಳಿಂದ ಕಂಬವನ್ನು ಅವುಚಿ ಹಿಡಿದು ಕಣ್ಣು ಮುಚ್ಚಿದ. ಅಷ್ಟು ಹೆದರಿಕೆ ಅವನಿಗೆ ಊರು ಬಿದ್ದಾಗಲೂ ಆಗಿರಲಿಲ್ಲ.

ನಡುಕ ನಿಂತಿತು. ಕಣ್ಣು ಬಿಟ್ಟರೆ ಕಾಶಮ್ಮ ಮಕ್ಕಳನ್ನು ಎಳೆದುಕೊಂಡು ಹೊಳೆಯ ಕಡೆಯಿಂದ ಓಡಿ ಬರುತ್ತಿದ್ದಳು. ಬಯಲಿನಲ್ಲಿ ನಿಲ್ಲದೆ ನೇರವಾಗಿ ಗುಡಿಸಲಿನ ಬಾಗಿಲಿಗೇ ಬಂದಳು. ಈಗ ಅವಳಿಗೆ ಅದರ ಮೇಲೆ ನಂಬಿಕೆ ಇತ್ತು.

ಚನ್ನಮಲ್ಲ ಬಾಗಿಲಿಗೆ ಅಡ್ಡ ನಿಂತ.

"ಒಳಗ ಬ್ಯಾಡವ್ವಾ. ಇದು ಬೀಳ್ತದ. ನಾನೇ ಮಣ್ಣು ಹಾಕಿ ಕೆಡಿಸೀನಿ. ಈಗ ತೆಗಿತೀನಿ."

ಕಾಶಮ್ಮ ಅವನ ಮುಖ ನೋಡಿದಳು, ಬಾಗಿದ ಸೂರು ನೋಡಿದಳು. ಮಕ್ಕಳನ್ನು ಹಿಂದಕ್ಕೆ ಸರಿಸಿದಳು. ಅವನನ್ನು ಬಿಟ್ಟು ಒಳಗೆ ಕೂತ ಗುರುಗಳನ್ನೇ ಕೇಳಿದಳು.

"ಮಣ್ಣು ತೆಗದ್ರ ನನಗ ಮತ್ತ ಅಂಜಿಕಿ ಬರ್ತದ್ರಿ. ಏನ್ ಮಾಡ್ಲಿ?"

ಗುರುಗಳು ಎರಡೂ ಕೈಯಿಂದ ಮೊಣಕಾಲು ಬಿಗಿಯಾಗಿ ಹಿಡಿದುಕೊಂಡಿದ್ದರು.

"ನನಗ ಆಗ್ಲೇ ಬಂದದ ಯವ್ವಾ. ಮಣ್ಣು ಇಳಸಾಕ ಲಗೂನ ಒಂದು ಬುಟ್ಟಿ ತಗೊಂಡು ಬಾ."