ಎಮ್ಮೆಗೆ ಇಟ್ಟ ಪ್ರಭೆ

"ಗುರುಗಳೇ, ಮಠದ ವಾಟ್ಸಾಪ್ ಗುಂಪಿಗೆ ತಮ್ಮದೊಂದು ಪುಟ್ಟ ಚಿತ್ರ ಸಿದ್ಧಮಾಡಿದ್ದೇನೆ. ಮುರಿದ ಹಲ್ಲನ್ನು ಸರಿಪಡಿಸಿ, ತಲೆಯ ಹಿಂದೆ ಒಂದು ಪ್ರಭೆ ಇಡಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹಲ್ಲಿನ ಸಂದನ್ನು ನಾಲಗೆಯಿಂದ ಒಮ್ಮೆ ತಡವಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹಾಲಿನ ಹೆಂಗಸಿದ್ದಳು. ಅವಳಿಗಿದ್ದದ್ದು ಒಂದೇ ಎಮ್ಮೆ. ಹೆಸರು ಬೆಳ್ಳಿ, ಬಣ್ಣ ಇದ್ದಿಲು. ಎಡಗೊಂಬು ಅರ್ಧಕ್ಕೆ ಮುರಿದಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಅದರ ಹಾಲಿನಿಂದಲೇ.

ಹಾಲಿನ ಕ್ಯಾನಿನ ಮೇಲೆ ಎಮ್ಮೆಯ ಚಿತ್ರದ ಸ್ಟಿಕ್ಕರ್ ಅಂಟಿಸಬೇಕೆಂದು ಅವಳಿಗೆ ಆಸೆಯಾಯಿತು. ನಾಣ್ಯದಷ್ಟಗಲ ಇದ್ದರೆ ಸಾಕಿತ್ತು. ಊರಿನ ಫೋಟೊ ಸ್ಟುಡಿಯೋದವನು ಜಾಣ. ಎಲ್ಲಿ ನಿಲ್ಲಿಸಬೇಕೆಂಬುದೊಂದು ಅವನಿಗೆ ತಿಳಿಯದು. ಬೆಳ್ಳಿಯ ಫೋಟೊ ತೆಗೆದು, ಲ್ಯಾಪ್‌ಟಾಪಿನಲ್ಲಿ ಅದರ ಮೇಲೆ ಒಂದು ಪದರ ಹಾಸಿ ಮೈಗೆ ಹೊಳಪು ಕೊಟ್ಟ. ಇನ್ನೊಂದು ಪದರದಲ್ಲಿ ಕೆಸರು ಮುಚ್ಚಿದ. ಮತ್ತೊಂದರಲ್ಲಿ ಮುರಿದ ಕೊಂಬು ಬೆಳೆಸಿದ. ಅದರ ಮೇಲೆ ನೆರಳು, ಚಿನ್ನದ ಅಂಚು, ಕೊನೆಗೆ ತಲೆಯ ಹಿಂದೆ ಪ್ರಭೆ. ಮದುವಣಗಿತ್ತಿಯರನ್ನು ಬೆಳ್ಳಗೆ ಮಾಡಿ ರೂಢಿಯಾದ ಕೈ, ಎಮ್ಮೆಯೆಂದು ತಡೆಯಲಿಲ್ಲ.

ಹೆಂಗಸು ಚಿತ್ರ ನೋಡಿ ಹಿಗ್ಗಿಹೋದಳು. ಕೇರಿಯ ಮುದುಕಿಯರು ಕ್ಯಾನಿಗೆ ಕೈಮುಗಿದು ಹಾಲು ಹಾಕಿಸಿಕೊಂಡರು.

ಹೀಗಿರಲು ಒಂದು ದಿನ ಬೆಳ್ಳಿ ಹಗ್ಗ ಕಿತ್ತುಕೊಂಡು ಪಕ್ಕದೂರಿನ ಹೂಕೋಸಿನ ತೋಟಕ್ಕೆ ನುಗ್ಗಿತು. ಅಲ್ಲಿಯವರು ಅದನ್ನು ಹಿಡಿದು ದನದ ದೊಡ್ಡಿಗೆ ಕೂಡಿದರು. ಸಂಜೆಯೊಳಗೆ ಒಡೆಯರು ಬಂದು ಬಿಡಿಸಿಕೊಳ್ಳದಿದ್ದರೆ ಹರಾಜು.

ಹೆಂಗಸು ಕೈಯಲ್ಲಿ ಕ್ಯಾನು ಹಿಡಿದೇ ಓಡಿಬಂದಳು. ದೊಡ್ಡಿಯ ಕಾವಲುಗಾರ ಹಿಂದೊಮ್ಮೆ ಯಾರದೋ ಎತ್ತನ್ನು ಇನ್ಯಾರಿಗೋ ಬಿಟ್ಟುಕೊಟ್ಟು ಊರಿನವರಿಂದೆಲ್ಲ ಬೈಸಿಕೊಂಡಿದ್ದವನು. ಗುರುತಿಗೆ ಫೋಟೊ ಕೇಳಿದ. ಅವಳು ಕ್ಯಾನು ಮುಂದಿಟ್ಟಳು.

ಅವನು ಸ್ಟಿಕ್ಕರ್ ನೋಡಿದ, ಎಮ್ಮೆ ನೋಡಿದ. "ಇದು ಯಾವುದೋ ದೇವಲೋಕದ್ದು ಕಣಮ್ಮ. ನಮ್ಮಲ್ಲಿರೋದು ಹೂಕೋಸು ತಿಂದಿದ್ದು. ಇದಕ್ಕೆ ಎರಡು ಕೊಂಬು, ಅದಕ್ಕೆ ಒಂದೂವರೆ."

"ಆ ಕೊಂಬು ಸ್ಟುಡಿಯೋದವನು ಹಾಕಿದ್ದಣ್ಣ. ಅವಳು ನಮ್ಮ ಬೆಳ್ಳಿನೇ."

"ಇದ್ದಿಲಿನಂಥ ಎಮ್ಮೆಗೆ ಬೆಳ್ಳಿ ಅಂತ ಹೆಸರಿಟ್ಟವಳ ಮಾತು ನಾನು ಹೇಗೆ ನಂಬಲಿ?"

ಹೊತ್ತು ಇಳಿಯಿತು. ಹರಾಜಿಗೆ ಜನ ಸೇರತೊಡಗಿದರು. ಹೆಂಗಸಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನೇರ ಊರಿಗೆ ಹೋಗಿ ಸ್ಟುಡಿಯೋದವನನ್ನು ಲ್ಯಾಪ್‌ಟಾಪ್ ಸಮೇತ ಎಳೆದು ತಂದಳು.

"ಅಡಿಯ ಫೋಟೊ ಹಾಗೇ ಇದೆ, ನಾನು ಮುಟ್ಟಿಲ್ಲ" ಎನ್ನುತ್ತ ಅವನು ದೊಡ್ಡಿಯ ಗೋಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪದರಗಳನ್ನು ಒಂದೊಂದಾಗಿ ಕಳಚಿದ. ಪ್ರಭೆ ಹೋಯಿತು. ಚಿನ್ನದ ಅಂಚು ಹೋಯಿತು. "ನೆರಳಾದರೂ ಇರಲಿ ಅಕ್ಕ, ಬಹಳ ಕಷ್ಟಪಟ್ಟಿದ್ದೇನೆ" ಎಂದು ಗೋಗರೆದ. ಅವಳು ನೋಡಿದ ನೋಟಕ್ಕೆ ನೆರಳೂ ಹೋಯಿತು. ಕೊಂಬು ಕಳಚಿದಾಗ ಕಾವಲುಗಾರ ಕತ್ತು ಮುಂದೆ ಚಾಚಿದ. ಕೆಸರು ಕಂಡಾಗ ಸೊಂಟದಿಂದ ಬೀಗದ ಕೈ ತೆಗೆದ. ಹೊಳಪೂ ಹೋಗಿ ಇದ್ದಿಲು ಬಣ್ಣ ಕಂಡಾಗ ಬಾಗಿಲು ತೆರೆದಿತ್ತು.

ಬೆಳ್ಳಿ ಮೆಲುಕು ಹಾಕುತ್ತ ಹೊರಬಂತು. ಹೆಂಗಸು ಅದರ ಮುರಿದ ಕೊಂಬನ್ನೇ ಹಿಡಿದು ಮನೆಗೆ ನಡೆದಳು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ ಕೇಳಿದ: "ಹಾಗಾದರೆ ತಮಗೆ ಪ್ರಭೆ ಬೇಡವೇ, ಗುರುಗಳೇ?"

ಗುರುಗಳು ಮುರಿದ ಹಲ್ಲು ಕಾಣುವಂತೆ ನಕ್ಕು ಹೇಳಿದರು: "ಇಡಪ್ಪ, ಆದರೆ ಯಮನ ದೊಡ್ಡಿಯ ಬಾಗಿಲಲ್ಲಿ ಅದನ್ನು ಕಳಚುವುದಕ್ಕೂ ನೀನೇ ಬರಬೇಕು."