ಎಂಟನೆಯ ನೆಲ

ಓಬಳಜ್ಜ ಬೇಟೆಗಾರ. ಅವನು ಊರ ಹುಲ್ಲುಗಾವಲಾದ ಕಾವಲಿನಲ್ಲಿ ಕೂತು ಮೊಲದ ಹಾಗೆ ಕೂಗಿದರೆ, ಸಾರಾಗಿ ಬೇಯುತ್ತಿದ್ದ ಮೊಲ ಕೂಡ ಮಡಕೆಯೊಳಗೆ ಕಿವಿ ನಿಮಿರಿಸುತ್ತಿತ್ತು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಮಡಕೆ ನೋಡಿದವರು ಇದ್ದಾರೆ.

ಅಂಥವನ ಗುಡಿಸಲಿಗೆ ಒಂದು ಬೆಳಗ್ಗೆ ಕುರಿಗಾಹಿ ಮೈಲಾರಿ ಬಂದ. ಹೆಗಲ ಮೇಲೆ ಅಪ್ಪನ ಕಾಲದ ಬಂದೂಕು.

“ಅಜ್ಜ, ತೋಳ ಹೊಡೆಯೋದು ಕಲಿಸು.”

“ಎಷ್ಟು ಮರಿ ಹೋದವು?”

“ಹನ್ನೊಂದು. ಹೊತ್ತು ಮುಳುಗುವಾಗ ಮರಿ ಕಾಣೆ. ಬೆಳಗ್ಗೆ ನೋಡಿದರೆ ಕುರಿ ಕೂಡುವ ರೊಪ್ಪದ ಮಗ್ಗುಲಲ್ಲೇ ನಾಲ್ಕು ಗೊರಸು ಬಿದ್ದಿರ್ತಾವೆ.”

“ಹೋದವು ಹೋದವು. ಇನ್ನೂ ಮರಿ ಹುಟ್ಟಲ್ವಾ?”

“ಹುಣ್ಣಿಮೆ ಮರುದಿನ ನಮ್ಮವರೆಲ್ಲ ಕುರಿ ಹೊಡ್ಕೊಂಡು ಪಡುವಲ ಸೀಮೆಗೆ ಹೊರಡ್ತಾರೆ, ಅಜ್ಜ. ತೋಳ ಬೆನ್ನು ಬಿದ್ದ ಮಂದೆ ನಮ್ಮ ಜೊತೆ ಬೇಡ ಅಂದುಬಿಟ್ಟಿದ್ದಾರೆ. ಅಷ್ಟು ದೂರ ಒಬ್ಬನೇ ಹೋದರೆ ಕುರಿಯೂ ಉಳಿಯಲ್ಲ, ನಾನೂ ಉಳಿಯಲ್ಲ.”

“ನಾಯಿ ಇಲ್ವೇನೋ?”

“ಹುಲಿಯ ಇದ್ದಾನಲ್ಲ! ಅವನು ಕಾಯೋದ್ರಿಂದ ಹನ್ನೊಂದಕ್ಕೆ ನಿಂತಿದೆ. ಬಂದೂಕು ತಂದಿದ್ದೀನಿ. ಗುಂಡಿಲ್ಲ. ಒಂದು ಗುಂಡು ಕೊಡು, ಸಾಕು.”

ಅಜ್ಜ ಸೊಂಟದ ಗಂಟು ಮುಟ್ಟಿ ನೋಡಿಕೊಂಡ.

“ಗುಂಡು ಕೊನೆಗೆ. ಮೊದಲು ನೆಲ. ಈ ಕಾವಲಿನ ಸುತ್ತ ಏಳು ಹೊಲ. ಏಳೂ ಮನೆಗೆ ಹೋಗಿ, ನಿಮ್ಮ ನೆಲದಲ್ಲಿ ಕೂರಲಾ ಅಂತ ಕೇಳು. ತೋಳ ಇಲ್ಲಿ ನಡೆದಿದೆಯಾ ಅಂತ ಕೇಳು. ಕೇಳದೆ ಕೂತವನ ಬಂದೂಕು ಅವನ ಕಡೆಗೇ ತಿರುಗುತ್ತೆ. ನಾನು ಕಣ್ಣಾರೆ ಕಂಡಿದ್ದೀನಿ.”

“ನಾನೇನು ಭಿಕ್ಷೆಗೆ ಹೊರಟೋನಾ?”

“ಇನ್ನೇನು ಅಂದ್ಕೊಂಡೆ?”

ಮೈಲಾರಿ ಹೋದ. ಶೇಂಗಾ ಹೊಲದ ತಿಪ್ಪಮ್ಮ ಅಂಗಳ ಗುಡಿಸುತ್ತಿದ್ದಳು.

“ಕೂತ್ಕೊಳ್ಳಪ್ಪ, ನೆಲ ಏನು ಸವೆಯುತ್ತಾ? ಆದರೆ ತೋಳ ಎಲ್ಲಿ ಬಂತು? ನನ್ನ ಕೋಳಿ ಬೇಲಿ ಮೇಲೇ ಮಲಗ್ತಾವೆ.”

ಉಳಿದ ಕಡೆಯೂ ಅದೇ ಮಾತು. ಏಳೂ ಹೊಲದ ಬದುಗಳನ್ನು ಮೈಲಾರಿ ಬಗ್ಗಿ ನೋಡಿದ. ಮುಂಗುಸಿಯ ಹೆಜ್ಜೆ ಇತ್ತು, ನವಿಲಿನದಿತ್ತು. ತೋಳದ್ದು ಒಂದೂ ಇಲ್ಲ.

ಏಳನೆಯ ಮನೆಯ ಮುದುಕ ಬಾಗಿಲು ಅರ್ಧ ತೆರೆದು ಅಂದ, “ಹೆಜ್ಜೆ ಊರದೆ ಓಡಾಡೋದು ತೋಳ ಅಲ್ಲ. ಅದರ ಸುದ್ದಿ ನನ್ನ ಅಂಗಳದಲ್ಲಿ ಎತ್ತಬೇಡ.”

ಅಗಳಿ ಬಿತ್ತು.

ಮೈಲಾರಿ ಓಡುತ್ತಲೇ ಅಜ್ಜನ ಗುಡಿಸಲಿಗೆ ಮರಳಿದ.

“ಅಜ್ಜ, ಅದು ನೆಲ ಮುಟ್ಟಲ್ವಂತೆ.”

“ನೆಲ ಮುಟ್ಟದ್ದು ಮರಿಯ ಕುತ್ತಿಗೆ ಹೇಗೆ ಮುಟ್ಟಿತು? ಬಾ, ಕೂಗು ಕಲಿ.”

ಎರಡು ಹೆಬ್ಬೆರಳ ನಡುವೆ ಹುಲ್ಲಿನ ಎಸಳು ಹಿಡಿದು ಊದುವುದು. ಅಷ್ಟೇ ವಿದ್ಯೆ. ಮೈಲಾರಿ ಊದಿದ.

“ಇದು ಹೊಟ್ಟೆ ಉಬ್ಬರಿಸಿದ ಮೇಕೆ” ಅಂದ ಅಜ್ಜ. “ನಾನು ಒಂದು ಸಲ ಊದಿದಾಗ ಏಳು ತೋಳ, ಎರಡು ಚಿರತೆ, ಒಬ್ಬ ಅಮಲ್ದಾರ ಬಂದು ಸಾಲಾಗಿ ಕೂತಿದ್ದರು. ಅಮಲ್ದಾರನನ್ನು ಎಬ್ಬಿಸಿ ಕಳಿಸೋದೇ ಕಷ್ಟ ಆಯ್ತು.”

“ನಾನು ಕೂಗಿದ್ದು ಮರಿಯ ಹಾಗೆ ಇಲ್ವಾ?”

“ಮರಿಯ ಹಾಗೆ ಕೂಗಬೇಡ. ಹಲ್ಲಿಗೆ ಸಿಕ್ಕ ಮರಿಯ ಹಾಗೆ ಕೂಗು.”

ಮೂರನೆಯ ದಿನ ಎಸಳಿನಿಂದ ಆ ದನಿಯೇ ಹೊರಟಿತು. ದೂರದ ಮಂದೆಯಲ್ಲಿ ಒಂದು ಕುರಿ ಓಗೊಟ್ಟಿತು. ಹೋದ ವಾರ ಮರಿ ಕಳೆದುಕೊಂಡಿದ್ದ ಕುರಿ ಅದು. ಎಷ್ಟು ಹೊತ್ತಾದರೂ ಅದರ ಬಾಯಿ ನಿಲ್ಲಲಿಲ್ಲ.

“ಇನ್ನು ಹೊಲಕ್ಕೆ ನಡಿ” ಅಂದ ಅಜ್ಜ.

ನಾಲ್ಕು ಸಂಜೆ, ಏಳು ಹೊಲ. ಇಬ್ಬರೂ ಕೂತರು, ಮೈಲಾರಿ ಊದಿದ, ಏನೂ ಬರಲಿಲ್ಲ. ಹುಣ್ಣಿಮೆಗೆ ಒಂದೇ ದಿನ ಉಳಿಯಿತು.

“ಎಲ್ಲಾ ನೆಲವೂ ಮುಗಿಯಿತು, ಅಜ್ಜ.”

“ಏಳು ಮುಗಿದವು. ಎಂಟನೆಯದು?”

“ಎಂಟನೆಯದು ಯಾರದು?”

“ಗೊರಸು ಬಿದ್ದದ್ದು ಯಾರ ನೆಲದಲ್ಲಿ?”

ಮೈಲಾರಿ ನಕ್ಕ. “ನನ್ನ ರೊಪ್ಪದ ಹತ್ತಿರ ಕೂರೋಕೆ ನಾನು ಯಾರನ್ನ ಕೇಳಲಿ?”

“ಅಲ್ಲಿನ ಯಜಮಾನನನ್ನು ಕೇಳು. ತೋಳ ಇಲ್ಲಿ ನಡೆದಿದೆಯಾ, ಅಂತ.”

“ಎಲ್ಲಿಂದ ನಡೆಯುತ್ತೆ? ನನ್ನ ರೊಪ್ಪದ ಸುತ್ತ ಹುಲಿಯನ ಹೆಜ್ಜೆ ಬಿಟ್ಟರೆ ಬೇರೆ ಒಂದು ಹೆಜ್ಜೆ ಇಲ್ಲ!”

ಎದೆಯುಬ್ಬಿಸಿಯೇ ಹೇಳಿದ ಅವನು. ಅಜ್ಜ ಎದ್ದು ರೊಪ್ಪದ ಕಡೆ ನಡೆದ.

ರೊಪ್ಪಕ್ಕೆ ಒಂದು ಕೂಗಳತೆ ದೂರದ ಕಳ್ಳಿಪೊದೆಯ ಹಿಂದೆ ಕೂತರು. ಗಾಳಿ ರೊಪ್ಪದ ಕಡೆಯಿಂದ ಮುಖಕ್ಕೆ ಬೀಸುತ್ತಿತ್ತು. ಕುರಿಗಳೆಲ್ಲ ಒಳಗೆ ಸೇರಿದ್ದವು. ಸೂರ್ಯ ಇಳಿದು, ಹುಲ್ಲಿನ ಬಣ್ಣ ಬೂದಿಯಾಗುತ್ತಿತ್ತು.

ಮೈಲಾರಿ ಊದಿದ.

ಎಲ್ಲೋ ಅರಚುತ್ತಿದ್ದ ಟಿಟ್ಟಿಭ ಹಕ್ಕಿ ಬಾಯಿ ಮುಚ್ಚಿತು. ರೊಪ್ಪದೊಳಗೆ ಒಂದು ಕುರಿಯೂ ಉಸಿರೆತ್ತಲಿಲ್ಲ. ಆ ತಾಯಿ ಕುರಿ ಕೂಡ.

ರೊಪ್ಪದ ಕಡೆಯ ಹುಲ್ಲು ಸೀಳಿತು.

ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ಒಂದು ಪ್ರಾಣಿ ಬರುತ್ತಿತ್ತು. ಹೆಗಲ ಮೂಳೆ ಒಂದು ಏಳುವುದು, ಒಂದು ಇಳಿಯುವುದು. ಸದ್ದೇ ಇಲ್ಲ. ನಲವತ್ತು ವರ್ಷ ಕಾವಲಿನಲ್ಲಿ ಬೆಳೆದ ಮೈಲಾರಿ ಅಂಥ ನಡಿಗೆ ನೋಡಿರಲಿಲ್ಲ. ಕಣ್ಣು ಎರಡೂ ಅವನ ಬೆರಳ ನಡುವಿನ ಎಸಳಿಗೇ ನೆಟ್ಟಿದ್ದವು. ಬಾಯಿ ತೆರೆದಿತ್ತು.

ಅವನು ಖಾಲಿ ಬಂದೂಕು ಎತ್ತಿ, ಒಂದು ಕೈ ಹಿಂದಕ್ಕೆ ಚಾಚಿದ.

“ಗುಂಡು, ಅಜ್ಜ.”

ಕೈಗೆ ಏನೂ ಬೀಳಲಿಲ್ಲ.

“ಅಜ್ಜ! ಬೇಗ!”

ಹತ್ತು ಮಾರು. ಐದು ಮಾರು. ಆಗ ಗಾಳಿ ತಿರುಗಿತು.

ಅದರ ಮೂಗು ಅರಳಿತು. ಬೆನ್ನು ನೆಟ್ಟಗಾಯಿತು, ಕಿವಿ ಜೋಲಿತು. ಹುಲ್ಲಿನ ಮೇಲೆ ಬಾಲ ಆಡಿತು.

“ಹುಲಿಯಾ?” ಅಂದ ಮೈಲಾರಿ.

ನಾಯಿ ಕುಣಿಯುತ್ತಾ ಬಂದು ಅವನ ಮಂಡಿಯ ಮೇಲೆ ತಲೆ ಇಟ್ಟಿತು. ತೋಳ ಕಚ್ಚದಿರಲಿ ಎಂದು ಮೈಲಾರಿಯೇ ಹಾಕಿದ್ದ ಕಬ್ಬಿಣದ ಮುಳ್ಳಿನ ಪಟ್ಟಿ ಕುತ್ತಿಗೆಯಲ್ಲಿತ್ತು. ಅವನು ಪಟ್ಟಿಯ ಕೆಳಗೆ ಬೆರಳು ತೂರಿಸಿದ. ನಾಯಿಯ ಮೈಯೆಲ್ಲ ನೆಕ್ಕಿ ನೆಕ್ಕಿ ಶುಚಿಯಾಗಿತ್ತು. ಪಟ್ಟಿಯ ಕೆಳಗೆ ಮಾತ್ರ ನಾಲಿಗೆ ಮುಟ್ಟಿರಲಿಲ್ಲ.

ಬೆರಳಿಗೆ ಮರಿಯ ಉಣ್ಣೆ ಬಂತು. ಒಣಗಿದ ರಕ್ತದಲ್ಲಿ ಗಟ್ಟಿಯಾಗಿ ಅಂಟಿಕೊಂಡಿತ್ತು.

ಕುರಿಗಾಹಿಗಳ ಹಟ್ಟಿಯ ಕಡೆಯಿಂದ ಪಡುವಲಕ್ಕೆ ಹೊರಡುವವರ ಗದ್ದಲ ಕೇಳಿಸುತ್ತಿತ್ತು. ಯಾರೋ ಕಂಬಳಿ ಕೊಡವುತ್ತಿದ್ದರು. ಯಾರೋ ನಗುತ್ತಿದ್ದರು.

“ಅಜ್ಜ,” ಅಂದ ಮೈಲಾರಿ. “ಇವನು ನನ್ನ ಕೈಯಿಂದ ಮುದ್ದೆ ತಿಂದು ಬೆಳೆದೋನು.”

ಓಬಳಜ್ಜ ಸೊಂಟದ ಗಂಟು ಬಿಚ್ಚಿದ. ಮೈಲಾರಿಯ ಅಂಗೈ ಬಿಡಿಸಿ ಗುಂಡು ಇಟ್ಟ. ತನಗೇ ಏನೋ ಕೊಟ್ಟರೆಂದು ಹುಲಿಯ ಅದನ್ನು ಮೂಸಿ, ಒಮ್ಮೆ ನೆಕ್ಕಿತು.

“ಮೊದಲ ದಿನವೇ ಕೇಳಿದ್ದೆಯಲ್ಲ,” ಅಂದ ಅಜ್ಜ. “ತಗೋ.”